ಅಲಸಂದೆಯ ಮೊಣಕೈ

ಭೂಮಿ ಇನ್ನೂ ಸುಡದ ಮಡಕೆಯಂತೆ ಹಸಿಯಾಗಿದ್ದ ಕಾಲ ಅದು. ಬೆಟ್ಟವನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ಹೊಳೆಗಳು ಎತ್ತ ಹರಿಯಬೇಕೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ತಿಂಗಳುಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹಾಗಾಗಿ, ಯಾವಾಗ ಬರಬೇಕು, ಯಾವಾಗ ಎದ್ದು ಹೋಗಬೇಕು ಎಂಬುದು ಚಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲವು ವರ್ಷ ಅದು ಬೇಗನೆ ಹೋಗುತ್ತಿತ್ತು. ಕೆಲವು ವರ್ಷ, ಊಟ ಮುಗಿದ ಮೇಲೂ ಎಲೆಯ ಮುಂದೆ ಕೂತು ಮಾತಾಡುವ ನೆಂಟನ ಹಾಗೆ, ಕೂತೇ ಇರುತ್ತಿತ್ತು.

ಆ ಕಾಲದಲ್ಲಿ ಅಲಸಂದೆಯ ಕತ್ತು ನೆಟ್ಟಗಿತ್ತು. ಮಣ್ಣಿಗೆ ಹಾಕಿದರೆ ಸಾಕು, ಹಿಂದೆ ಮುಂದೆ ನೋಡದೆ ತಲೆಯನ್ನೇ ಮೇಲಕ್ಕೆ ಚಾಚುತ್ತಿತ್ತು. ಮಣ್ಣು ಬೆಚ್ಚಗಿದ್ದರೆ ಬದುಕುತ್ತಿತ್ತು. ತಣ್ಣಗಿದ್ದರೆ ಸಾಯುತ್ತಿತ್ತು. ಅದಕ್ಕೆ ಬೇರೆ ಉಪಾಯ ತಿಳಿದಿರಲಿಲ್ಲ.

ಒಂದು ಬೆಟ್ಟದ ಇಳಿಜಾರಿನಲ್ಲಿ ನಾಲ್ಕಾರು ಗುಡಿಸಲುಗಳಿದ್ದವು. ಅಲ್ಲಿಯ ಜನ ಮಳೆಗಾಲದಲ್ಲಿ ರಾಗಿ ಬೆಳೆಯುತ್ತಿದ್ದರು. ರಾಗಿ ಮುಗಿಯುತ್ತ ಬಂದಾಗ, ಚಳಿ ಹೋಗಿ ಮರಗಳು ಚಿಗುರುವ ಹೊತ್ತಿಗೆ, ಅಲಸಂದೆ ಬಿತ್ತುತ್ತಿದ್ದರು. ಮೊದಲು ಅದರ ಸೊಪ್ಪು, ಆಮೇಲೆ ಎಳೆಕಾಯಿ, ಕೊನೆಗೆ ಕಾಳು. ಮುಂದಿನ ರಾಗಿ ಬರುವವರೆಗೆ ಹೊಟ್ಟೆ ಹಿಡಿಯುತ್ತಿದ್ದುದು ಅದೇ.

ಯಾವ ದಿನ ಬಿತ್ತಬೇಕೆಂದು ಹೇಳುತ್ತಿದ್ದವಳು ಹಾಲಜ್ಜಿ. ಬಿತ್ತನೆಯ ಕಾಲ ಬಂತೆಂದರೆ ಅವಳು ಬೆಳಗಾಗುತ್ತಲೇ ಕಂಬಳಿ ಹೊದ್ದು, ಕೋಲು ಹಿಡಿದು, ಒಬ್ಬಳೇ ಹೊಲಕ್ಕೆ ಹೋಗುತ್ತಿದ್ದಳು. ವಾಪಸು ಬಂದು "ಇನ್ನೂ ಇಲ್ಲ" ಅನ್ನುತ್ತಿದ್ದಳು. ಮರುದಿನವೂ "ಇನ್ನೂ ಇಲ್ಲ." ಒಂದು ದಿನ ಬಂದು "ಇವತ್ತು" ಅನ್ನುತ್ತಿದ್ದಳು. ಎಲ್ಲರೂ ಬಿತ್ತುತ್ತಿದ್ದರು. ಅವಳಿಗೆ ಹೇಗೆ ಗೊತ್ತಾಗುತ್ತದೆಂದು ಯಾರೂ ಕೇಳಿರಲಿಲ್ಲ. ಮನೆಯಲ್ಲೇ ಇರುವವರನ್ನು ಏನು ಕೇಳುವುದು? ನಾಳೆಯೂ ಇರುತ್ತಾರಲ್ಲ.

ಒಂದು ವರ್ಷ ಚಳಿ ಶುರುವಾಗುವ ಹೊತ್ತಿಗೆ ಹಾಲಜ್ಜಿ ತೀರಿಕೊಂಡಳು.

ಅವಳ ಬೀಜದ ಬುರುಡೆ ಸೊಸೆ ಬೊಮ್ಮಿಯ ಕೈಗೆ ಬಂತು. ಅದು ಒಣಗಿದ ಸೋರೆಬುರುಡೆ. ಒಳಗೆ ಬೂದಿ, ಬೂದಿಯ ನಡುವೆ ಅಲಸಂದೆ ಕಾಳು. ಒಂದೊಂದು ಕಾಳಿಗೂ ಒಂದೊಂದು ಕಪ್ಪು ಕಣ್ಣು. ಲೋಕ ಹೊಸದಾಗಿದ್ದುದರಿಂದ, ಆ ಬುರುಡೆಯಲ್ಲಿ ಇದ್ದದ್ದನ್ನು ಬಿಟ್ಟರೆ ಬೇರೆಲ್ಲೂ ಅಲಸಂದೆ ಇರಲಿಲ್ಲ.

ಆ ವರ್ಷ ಚಳಿ ಹೋಗಲಿಲ್ಲ. ಸೋನೆಮಳೆಯನ್ನು ಜೊತೆಗೆ ಕರೆದುಕೊಂಡು ಬೆಟ್ಟದ ನೆತ್ತಿಯ ಮೇಲೆ ಕೂತುಬಿಟ್ಟಿತು. ರಾಗಿ ತುಂಬಿಡುವ ವಾಡೆಯಲ್ಲಿ ತಳ ಕಾಣತೊಡಗಿತು. ಮಕ್ಕಳು ಗೆಣಸು ಅಗೆಯಲು ಕಾಡಿಗೆ ಹೋಗಿ, ಕೆಸರು ಕಾಲಿನಲ್ಲಿ ಬರಿಗೈಯಲ್ಲಿ ಬರುತ್ತಿದ್ದರು.

ಹೀಗಿರುವಾಗ ಹೊಲದ ಬದಿಯ ಮುತ್ತುಗದ ಮರ ಕೆಂಪಗೆ ಹೂ ಬಿಟ್ಟಿತು. ಪಕ್ಕದ ಗುಡಿಸಲಿನ ಮಸಣಯ್ಯ ಓಡಿಬಂದ. ಮಸಣಯ್ಯನ ದನಿ ಅವನಿಗಿಂತ ಮೊದಲು ಬರುತ್ತಿತ್ತು.

"ಏ ಬೊಮ್ಮಿ! ಮುತ್ತುಗ ಹೂ ಬಿಟ್ಟದೆ ಕಣವ್ವಾ! ನಿಮ್ಮತ್ತೆ ಬಿತ್ತುತಿದ್ದಾಗೆಲ್ಲ ಈ ಮರ ಕೆಂಪಗೇ ಇರ್ತಿತ್ತು. ತೆಗಿ ಬುರುಡೆ."

"ಅತ್ತೆ ಮರ ನೋಡಿ ಹೇಳ್ತಿದ್ರಾ, ಮಸಣಯ್ಯಮಾವ?"

"ಮತ್ತಿನ್ನೇನು ನೋಡ್ತಿದ್ಲು? ಆ ಕಂಬಳೀನೂ ಕೊಡು. ಆ ಕೋಲೂ ಕೊಡು. ಅಜ್ಜಿ ಹೆಂಗೆ ಮಾಡ್ತಿದ್ಲೋ ಹಂಗೇ ಮಾಡುವ."

ಮಸಣಯ್ಯ ಹಾಲಜ್ಜಿಯ ಕಂಬಳಿ ಹೊದ್ದ. ಅವಳ ಕೋಲು ಹಿಡಿದ. ಅವಳಂತೆಯೇ ಸ್ವಲ್ಪ ಬಾಗಿ, ಸ್ವಲ್ಪ ಕೆಮ್ಮಿ, ಹೊಲವನ್ನು ಸುತ್ತಿ ಬಂದ. ಬಂದವನೇ "ಇವತ್ತು!" ಎಂದು ಕೂಗಿದ. ಮಕ್ಕಳು ನಕ್ಕರು. ಬೊಮ್ಮಿಗೂ ನಗು ಬಂತು. ಅಜ್ಜಿ ಹೋದ ಮೇಲೆ ಅದೇ ಮೊದಲ ನಗು. ಎಲ್ಲರೂ ಸೇರಿ ಅರ್ಧ ಬುರುಡೆ ಕಾಳು ಬಿತ್ತಿದರು.

ಆದರೆ ಮುತ್ತುಗದ ಬೇರು ಆಳದಲ್ಲಿತ್ತು, ಅದು ನಿಂತದ್ದು ಬಂಡೆಯ ಪಕ್ಕದಲ್ಲಿ. ಅದಕ್ಕೆ ಕಾವು ಬಂಡೆಯಿಂದ ಬರುತ್ತಿತ್ತು. ಹೊಲದ ಮೇಲ್ಮಣ್ಣಿಗೆ ಆ ಕಾವು ಎಲ್ಲಿಂದ ಬರಬೇಕು?

ಬೀಜ ಮೇಲೆ ಬರಲಿಲ್ಲ. ಕಾದು ಕಾದು ಕೊನೆಗೆ ಬೊಮ್ಮಿ ಒಂದು ಕಡೆ ಮಣ್ಣು ಸರಿಸಿ ನೋಡಿದಳು. ಕಾಳು ಊದಿಕೊಂಡಿತ್ತು. ಬೆರಳು ಮುಟ್ಟಿದರೆ ಸಿಪ್ಪೆ ಜಾರಿತು. ಹುಳಿ ವಾಸನೆ ಬಂತು. ಇನ್ನೊಂದು ಕಡೆ ತೆಗೆದಳು. ಅಲ್ಲಿಯೂ ಹಾಗೆಯೇ.

ಅವಳು ಗುಡಿಸಲಿಗೆ ಬಂದು ಬುರುಡೆಯ ಮುಂದೆ ಕೂತಳು. ಒಳಗಿನಿಂದ ಉಳಿದ ಕಾಳುಗಳು ಕೇಳಿದವು:

"ಬೊಮ್ಮವ್ವಾ, ನಮ್ಮ ಅಕ್ಕಂದಿರು ಎದ್ದರಾ?"

ಬೊಮ್ಮಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಇಲ್ಲ. ಕೊಳೆತು ಹೋದರು. ಮಣ್ಣು ತಣ್ಣಗಿತ್ತು. ನನಗೆ ಗೊತ್ತಾಗಲಿಲ್ಲ."

ಕಾಳುಗಳು ಬೂದಿಯೊಳಗೆ ಇನ್ನಷ್ಟು ಆಳಕ್ಕೆ ಸರಿದವು.

ಮರುದಿನ ಬೊಮ್ಮಿ ತನ್ನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಬುರುಡೆಯನ್ನು ಕೈಯಲ್ಲಿ ಹಿಡಿದು, ಕೇಳಲು ಹೊರಟಳು. ಯಾರಿಗಾದರೂ ಗೊತ್ತಿರಬೇಕು.

ಕಪ್ಪೆಯನ್ನು ಕೇಳಿದಳು. "ಕಪ್ಪೆಯಣ್ಣ, ಅಲಸಂದೆ ಯಾವಾಗ ಬಿತ್ತಲಿ?"

"ಈಗಲೇ, ಈಗಲೇ!" ಎಂದಿತು ಕಪ್ಪೆ. "ಇಂಥ ಸೊಗಸಾದ ಹವೆ ಮತ್ತೆ ಸಿಗುತ್ತಾ? ನನ್ನ ಮಕ್ಕಳೆಲ್ಲ ಎಷ್ಟು ದುಂಡಗಾಗಿದ್ದಾರೆ ನೋಡು!"

ಇರುವೆಯನ್ನು ಕೇಳಿದಳು. ಇರುವೆ ಅವಳ ಮುಖ ನೋಡದೆ ಬುರುಡೆಯನ್ನೇ ನೋಡಿತು. "ಬೀಜ ಮಣ್ಣಿಗೆ ಹಾಕೋದ್ಯಾಕೆ ತಾಯಿ? ನಮ್ಮನೆಗೆ ಹಾಕು. ಚೆನ್ನಾಗಿ ನೋಡ್ಕೋತೀವಿ."

ತೊರೆಯನ್ನು ಕೇಳಿದಳು. "ನನಗೆ ಓಡುವುದು ಗೊತ್ತು," ಎಂದಿತು ತೊರೆ. "ಒಂದೇ ಕಡೆ ಮಲಗಿರುವ ಮಣ್ಣಿಗೆ ಏನಾಗುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?"

ಕೊನೆಗೆ ಬೆಟ್ಟದ ನೆತ್ತಿಗೆ ಹತ್ತಿ ಚಳಿಗಾಳಿಯನ್ನೇ ಕೇಳಿದಳು. ಅದು ಮಂಜಿನ ಕಂಬಳಿ ಹಾಸಿಕೊಂಡು ಆರಾಮಾಗಿ ಒರಗಿತ್ತು.

"ಗಾಳಿಯಪ್ಪ, ನೀನು ಯಾವಾಗ ಹೋಗ್ತೀಯ?"

"ಏನಮ್ಮ ಹಾಗಂತೀಯ, ಬಂದವರನ್ನ?" ಎಂದು ಗಾಳಿ ಮುಖ ದಪ್ಪ ಮಾಡಿತು. ಅವಳ ಬೆನ್ನ ಮೇಲೆ ಕೂಸು ಸೀನಿತು. ಗಾಳಿಗೆ ಸ್ವಲ್ಪ ನಾಚಿಕೆಯಾಯಿತು. "ನಿಜ ಹೇಳಲಾ? ನನಗೂ ಗೊತ್ತಿಲ್ಲ. ಹೋದ ಮೇಲೆ ಗೊತ್ತಾಗುತ್ತೆ, ಹೋದೆ ಅಂತ."

ಬೊಮ್ಮಿ ಬೆಟ್ಟ ಇಳಿದಳು. ಎಲ್ಲರೂ ಉತ್ತರ ಕೊಟ್ಟಿದ್ದರು. ಆದರೆ ಒಬ್ಬರೂ ಮಣ್ಣಿನ ಮಾತು ಹೇಳಿರಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೋಡ ಹರಿದು ಬಿಸಿಲು ಬಂತು. ಹಳದಿ ಬಿಸಿಲು, ಹೊಸ ಬಿಸಿಲು. ಜನ ಗುಡಿಸಲಿನಿಂದ ಹೊರಗೆ ಬಂದು ಮುಖ ಮೇಲೆತ್ತಿ ನಿಂತರು. ಮಸಣಯ್ಯ ಅಗೆಯುವ ಕೋಲು ಹೊತ್ತು ಬಂದ. ಅವನ ಹಿಂದೆ ಎಲ್ಲರೂ ಬಂದರು.

"ಇವತ್ತು ಬುಟ್ರೆ ಇನ್ಯಾವತ್ತು ಬೊಮ್ಮಿ? ನೆತ್ತಿ ಸುಡ್ತಾ ಅದೆ ನೋಡು! ತೆಗಿ ಬುರುಡೆ."

ಬೊಮ್ಮಿ ಅಂಗಳದಲ್ಲಿ ಕೂಸಿಗೆ ನೀರೆರೆಯಲು ಕೂತಿದ್ದಳು. ಎರಡೂ ಕಾಲು ಮುಂದೆ ಚಾಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದಳು. "ಇರು ಮಾವ, ಇವಳದೊಂದು ಆಗಲಿ," ಎಂದು ಮಡಕೆಯ ನೀರಿಗೆ ಕೈಯಿಟ್ಟಳು. ನೀರು ಸರಿಯಾಗಿದೆ ಅನ್ನಿಸಿತು. ಆದರೂ, ಹಾಲಜ್ಜಿ ಕಲಿಸಿದ್ದಂತೆ, ತೋಳು ಮಡಿಸಿ ಮೊಣಕೈಯನ್ನು ನೀರಿಗೆ ಅದ್ದಿದಳು. ನೀರು ತಣ್ಣಗಿತ್ತು.

ಅಂಗೈ ದಿನವೂ ಬಿಸಿ ಮಡಕೆ ಇಳಿಸುತ್ತದೆ, ರಾಗಿ ಬೀಸುತ್ತದೆ, ಒನಕೆ ಹಿಡಿಯುತ್ತದೆ. ಅದು ದಡ್ಡುಗಟ್ಟಿರುತ್ತದೆ. ಅದಕ್ಕೆ ಕೂಸಿನ ಮೈ ಎಷ್ಟು ತಾಳುತ್ತದೆಂದು ತಿಳಿಯುವುದಿಲ್ಲ. ಮೊಣಕೈಗೆ ತಿಳಿಯುತ್ತದೆ.

ಬೊಮ್ಮಿ ಇನ್ನಷ್ಟು ಬಿಸಿನೀರು ಬೆರೆಸಿದಳು. ಮತ್ತೆ ಮೊಣಕೈ ಅದ್ದಿದಳು. ಈಗ ಸರಿಯಾಯಿತು. ಕೂಸಿಗೆ ಎರೆದಳು, ಒರೆಸಿದಳು, ಬಟ್ಟೆಯಲ್ಲಿ ಸುತ್ತಿ ಗಂಡ ಜವರನ ಕೈಗೆ ಕೊಟ್ಟಳು. ಆಮೇಲೆ ಹೊಲದ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

ಕಾಳೂ ಕೂಸೇ ಅಲ್ಲವೇ? ಮಣ್ಣೇ ಅದರ ನೀರಲ್ಲವೇ?

ಅವಳು ಎದ್ದು ಹೊಲಕ್ಕೆ ನಡೆದಳು. ಮೊಣಕಾಲೂರಿ ಕೂತು ಒಂದು ಸಣ್ಣ ಗುಂಡಿ ತೋಡಿದಳು. ತೋಳು ಮಡಿಸಿ ಮೊಣಕೈಯನ್ನು ಅದರೊಳಗೆ ಊರಿ, ಕಣ್ಣು ಮುಚ್ಚಿದಳು.

ಹಿಂದೆ ನಿಂತ ಮಸಣಯ್ಯ ಸುಮ್ಮನಿರುತ್ತಾನೆಯೇ? "ಏನವ್ವಾ, ಅಲಸಂದೆಗೂ ಎಣ್ಣೆನೀರು ಎರೀತೀಯಾ? ಸಾಂಬ್ರಾಣಿ ಹೊಗೆ ತರ್ಲಾ?"

ಜನ ಗೊಳ್ಳೆಂದು ನಕ್ಕರು.

ಬೊಮ್ಮಿ ಕಣ್ಣು ತೆರೆದಳು. ಮೇಲೆ ಬಿಸಿಲು ಸುಡುತ್ತಿತ್ತು. ಕೆಳಗೆ ಮಣ್ಣು ಕಪ್ಪೆಯ ಹೊಟ್ಟೆಯಂತೆ ತಣ್ಣಗಿತ್ತು. ಒಂದು ಹಿಡಿ ತೆಗೆದು ಹಿಸುಕಿದಳು. ಅದು ಉಂಡೆಯಾಗಿ ಕೈಗೆ ಅಂಟಿಕೊಂಡಿತು, ಒಡೆಯಲಿಲ್ಲ.

"ಇನ್ನೂ ಇಲ್ಲ," ಎಂದಳು.

ನಗು ನಿಂತಿತು. ಯಾರೋ "ನಮ್ಮನೇಲಿ ರಾಗಿ ಮುಗೀತಾ ಬಂತು," ಅಂದರು. ಇನ್ಯಾರೋ "ಈ ಹುಡುಗಿ ಮಾತು ಕೇಳಿ ಉಪವಾಸ ಸಾಯೋಣ್ವಾ?" ಅಂದರು.

"ಮೊನ್ನೆ ಬಿತ್ತಿ ಅರ್ಧ ಕಳ್ಕೊಂಡ್ವಿ," ಎಂದಳು ಬೊಮ್ಮಿ. "ಇದೂ ಹೋದ್ರೆ ಲೋಕದಲ್ಲೇ ಅಲಸಂದೆ ಇಲ್ಲ. ಆಮೇಲೆ ಯಾರ ಮಾತು ಕೇಳ್ತೀರಿ?"

ಅವಳು ಎದ್ದು ನಿಂತಳು. ಆಗ ಜವರ ಅವಳ ತೋಳನ್ನೇ ನೋಡತೊಡಗಿದ. ಕೂಸನ್ನು ಎದೆಗೆ ಒತ್ತಿಕೊಂಡು ಹತ್ತಿರ ಬಂದ. ಅಜ್ಜಿ ಹೋದಂದಿನಿಂದ ಅವನು ಮಾತಾಡಿದ್ದೇ ಕಡಿಮೆ.

"ಅವ್ವನ ಮೊಣಕೈಯಲ್ಲೂ ಹಿಂಗೇ ಮಣ್ಣಿರ್ತಿತ್ತು," ಎಂದ. "ಈ ಕಾಲದಲ್ಲಿ ದಿನಾ ಬೆಳಿಗ್ಗೆ ಮಣ್ಣು ಮಾಡ್ಕೊಂಡು ಬರ್ತಿದ್ಲು. ಎಲ್ಲೋ ಜಾರಿ ಬಿದ್ದಿರ್ಬೇಕು ಅಂದ್ಕೋತಿದ್ವಿ. ವಯಸ್ಸಾಯ್ತು ಅಂತ ನಾವು ನಗ್ತಿದ್ವಿ."

ಮುತ್ತುಗದ ಹೂ ಒಂದು ಕೆಳಗೆ ಬಿದ್ದ ಸದ್ದು ಕೇಳಿಸಿತು.

"ಹೇಳ್ಬಾರ್ದಾಗಿತ್ತಾ ಮುದುಕಿ?" ಎಂದ ಮಸಣಯ್ಯ ಕೊನೆಗೆ, ಮೆಲ್ಲಗೆ.

"ನಾವು ಕೇಳಲಿಲ್ಲವಲ್ಲ ಮಾವ," ಎಂದಳು ಬೊಮ್ಮಿ.

ಮಸಣಯ್ಯ ಅಗೆಯುವ ಕೋಲನ್ನು ಕೆಳಗಿಟ್ಟ. ತನ್ನ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ. "ಸರಿ ಬುಡು. ನೀನು ಹೇಳೋವರೆಗೂ ನಾವು ಮುಟ್ಟಲ್ಲ," ಎಂದ.

ಅಂದೇ ಸಂಜೆ ಮೋಡ ಮತ್ತೆ ಕೂಡಿಕೊಂಡಿತು. ಸೋನೆ ಹಿಡಿಯಿತು. ಎಲ್ಲರೂ ಬೊಮ್ಮಿಯ ಗುಡಿಸಲಿನ ಕಡೆ ನೋಡಿ, ಬುರುಡೆ ಒಳಗೇ ಇದೆಯಲ್ಲ ಎಂದು ಉಸಿರು ಬಿಟ್ಟರು.

ಅಲ್ಲಿಂದ ಮುಂದೆ ಬೊಮ್ಮಿ ದಿನವೂ ಬೆಳಿಗ್ಗೆ ಹೊಲಕ್ಕೆ ಹೋದಳು. ಮೊಣಕೈ ಊರಿದಳು. "ಇನ್ನೂ ಇಲ್ಲ." ಮಕ್ಕಳಿಗೆ ಕಾಡಿನಲ್ಲಿ ಅಪರೂಪಕ್ಕೆ ಸಿಕ್ಕ ಗೆಣಸನ್ನು ಮನೆ ಮನೆಗೂ ಹಂಚಿ ತಿಂದರು. "ಇನ್ನೂ ಇಲ್ಲ." ಮಸಣಯ್ಯ ಗಂಜಿಗೆ ಇನ್ನಷ್ಟು ನೀರು ಬೆರೆಸಿ, "ನನ್ನ ಗಂಜೀಲಿ ನನ್ನ ಮುಖ ಕಾಣ್ತಾ ಅದೆ, ಚೆಂದಾಗೇ ಇವ್ನಿ," ಎಂದ. "ಇನ್ನೂ ಇಲ್ಲ."

ಒಂದು ಬೆಳಿಗ್ಗೆ ಬಿಸಿಲು ಇರಲಿಲ್ಲ. ಬೂದಿಬಣ್ಣದ ಸಾಧಾರಣ ದಿನ. ಬೊಮ್ಮಿ ಗುಂಡಿ ತೋಡಿ ಮೊಣಕೈ ಇಟ್ಟಳು. ಇಟ್ಟು ಹಾಗೆಯೇ ಕೂತಳು. ಮಣ್ಣು ಬೆಚ್ಚಗಿತ್ತು, ಕೂಸಿಗೆ ಎರೆಯುವ ನೀರಿನಷ್ಟು. ಒಂದು ಹಿಡಿ ತೆಗೆದು ಹಿಸುಕಿ ಬಿಟ್ಟಳು. ಅದು ಉಂಡೆಯಾಗಿ, ಆಮೇಲೆ ತಾನಾಗಿಯೇ ಉದುರಿತು. ಮತ್ತೊಂದು ಕಡೆ ನೋಡಿದಳು. ಹೊಲದ ಕೆಳಗಿನ ತುದಿಯಲ್ಲೂ ನೋಡಿದಳು. ಎಲ್ಲ ಕಡೆಯೂ ಹಾಗೆಯೇ ಇತ್ತು.

"ಇವತ್ತು," ಎಂದಳು.

ಬುರುಡೆ ತೆರೆದು ಕಾಳುಗಳನ್ನು ಮಡಿಲಿಗೆ ಸುರಿದುಕೊಂಡಳು. ಆದರೆ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಕೂತವು. ಕಪ್ಪು ಕಣ್ಣುಗಳೆಲ್ಲ ಅವಳನ್ನೇ ನೋಡಿದವು.

"ನಾವು ಹೋಗಲ್ಲ ಬೊಮ್ಮವ್ವಾ. ಅಕ್ಕಂದಿರು ಹೋದರು, ಬರಲಿಲ್ಲ. ನಮಗೆ ಹೆದರಿಕೆ."

"ಮಣ್ಣು ಬೆಚ್ಚಗಿದೆ. ನಾನೇ ನೋಡಿದೀನಿ."

"ನಾಳೆ? ನಾಡಿದ್ದು? ನಾವು ತಲೆ ಎತ್ತುವ ಹೊತ್ತಿಗೆ ಮತ್ತೆ ಚಳಿ ಬಂದರೆ?"

ಬೊಮ್ಮಿ ಯೋಚಿಸಿದಳು. ಚಳಿ ಬರುವುದಿಲ್ಲವೆಂದು ಅವಳು ಮಾತು ಕೊಡುವಂತಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ವಿದ್ಯೆ.

"ಹಾಗಾದರೆ ತಲೆ ಮೊದಲು ಎತ್ತಬೇಡಿ," ಎಂದಳು. "ತಲೆ ಕೆಳಗೇ ಇರಲಿ, ಬೆಚ್ಚಗಿರಲಿ. ಮೊದಲು ಮೊಣಕೈ ಹೊರಗಿಡಿ. ಹೀಗೆ." ತನ್ನ ತೋಳನ್ನು ಮಡಿಸಿ ತೋರಿಸಿದಳು. "ಹೊರಗೆ ಚಳಿ ಇದ್ದರೆ ಹಾಗೆಯೇ ಇರಿ. ಅವಸರ ಇಲ್ಲ. ಬೆಚ್ಚಗಿದ್ದರೆ ಆಮೇಲೆ ಎದ್ದು ಬನ್ನಿ."

"ನಮಗೆ ಮೊಣಕೈ ಎಲ್ಲಿದೆ?"

"ಕತ್ತು ಇದೆಯಲ್ಲ? ಅದನ್ನೇ ಬಗ್ಗಿಸಿ."

ಕಾಳುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡವು. ಒಂದು ಪುಟ್ಟ ಕಾಳು ಹೇಳಿತು, "ನಾನು ನೋಡ್ತೀನಿ." ಆಮೇಲೆ ಒಂದೊಂದಾಗಿ ಎಲ್ಲವೂ ಒಪ್ಪಿದವು.

ಜನ ಸಾಲು ಹಿಡಿದು ಬಿತ್ತಿದರು. ಈ ಸಲ ಯಾರೂ ಹಾಸ್ಯ ಮಾಡಲಿಲ್ಲ. ಮಸಣಯ್ಯನೂ ಒಂದೊಂದು ಕಾಳನ್ನು, ಮಲಗಿದ ಮಗುವನ್ನು ಇಳಿಸುವಂತೆ, ಗುಂಡಿಗೆ ಇಳಿಸಿದ. ಬುರುಡೆಯಲ್ಲಿ ಬೂದಿ ಮಾತ್ರ ಉಳಿಯಿತು.

ಆಮೇಲೆ ಕಾಯುವ ಕೆಲಸ. ಅದಕ್ಕಿಂತ ಕಷ್ಟದ ಕೆಲಸ ಬೇಸಾಯದಲ್ಲಿ ಇಲ್ಲ. ಮಸಣಯ್ಯ ದಿನವೂ ಹೊಲದ ಅಂಚಿಗೆ ಬಂದು ಕೂರುತ್ತಿದ್ದ. "ಒಂದೇ ಒಂದು ಕೆದಕಿ ನೋಡ್ಲಾ ಬೊಮ್ಮಿ? ಒಂದೇ?"

"ಬೇಡ ಮಾವ. ನೀರೆರೆದ ಕೂಸನ್ನ ಎಬ್ಬಿಸಬಾರದು."

ಒಂದು ಬೆಳಿಗ್ಗೆ ಮಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬಿರುಕು ಅಗಲವಾಯಿತು. ಮಣ್ಣಿನ ಒಂದು ಹೆಂಟೆ ಸ್ವಲ್ಪವೇ ಮೇಲೆದ್ದಿತು. ಅದರ ಅಡಿಯಿಂದ ಏನೋ ಹೊರಗೆ ಬಂತು. ಅದು ಎಲೆಯಲ್ಲ, ತಲೆಯೂ ಅಲ್ಲ. ಬಾಗಿದ, ಎಳೆಯ, ಪುಟ್ಟ ಮೊಣಕೈ. ಅಲ್ಲೊಂದು, ಇಲ್ಲೊಂದು. ಹೊಲದ ತುಂಬ.

"ಬಂದ್ವು!" ಎಂದು ಮಸಣಯ್ಯ ಕೂಗಿದ ಕೂಗಿಗೆ ಚಳಿಗಾಳಿ ಬೆಚ್ಚಿಬಿತ್ತು. ಅದು ಆಗ ತಾನೇ ಹೊರಟು ಕಣಿವೆ ದಾಟಿತ್ತು. ಏನಾಯಿತೆಂದು ನೋಡಲು ಹಿಂತಿರುಗಿ ಬಂದಿತು. ಹೊಲದ ಮೇಲೆ ತಣ್ಣಗೆ ಹಾದುಹೋಯಿತು. ಜನ ಉಸಿರು ಹಿಡಿದು ನಿಂತರು. ಜವರ ಕಂಬಳಿ ತರಲು ಓಡಿದ. ಇಷ್ಟು ದೊಡ್ಡ ಹೊಲಕ್ಕೆ ಒಂದು ಕಂಬಳಿ ಏನಾದೀತೆಂದು ಯೋಚಿಸದೆ ಓಡಿದ.

ಅಲಸಂದೆಗಳು ಅಲುಗಲಿಲ್ಲ. ಮೊಣಕೈಗೆ ಚಳಿ ತಾಗಿತು. ಚಳಿಗೆ ಮೊಣಕೈ ಸ್ವಲ್ಪ ಕೆಂಪಾಯಿತು. ಆದರೆ ತಲೆ ಮಣ್ಣೊಳಗೆ ಬೆಚ್ಚಗಿತ್ತು. "ಇನ್ನೂ ಇಲ್ಲ," ಎಂದು ಅವು ತಮ್ಮೊಳಗೇ ಹೇಳಿಕೊಂಡವು. "ಇನ್ನೂ ಇಲ್ಲ."

"ಇಲ್ಲಿ ನನಗೇನೂ ಕೆಲಸ ಇಲ್ಲ," ಎಂದಿತು ಗಾಳಿ. ಯಾರ ಮೇಲೂ ಕೋಪವಿಲ್ಲದೆ ಮಂಜು ಸುತ್ತಿಕೊಂಡು, ಕಣಿವೆ ದಾಟಿ, ಆ ವರ್ಷಕ್ಕೆ ಹೊರಟುಹೋಯಿತು.

ಮಧ್ಯಾಹ್ನ ಬಿಸಿಲು ಬಂತು. ಮೊದಲು ಒಂದು ಅಲಸಂದೆ ಮೆಲ್ಲನೆ ಕತ್ತು ನೆಟ್ಟಗೆ ಮಾಡಿತು. ಮಣ್ಣಿನಿಂದ ತನ್ನ ತಲೆಯನ್ನು ಎಳೆದುಕೊಂಡಿತು. ಎರಡು ಹೋಳಾದ ಕಾಳನ್ನು ಎರಡು ಅಂಗೈಯಂತೆ ಬಿಡಿಸಿ, ನಡುವಿನಿಂದ ಹಸಿರು ಎಲೆ ತೆರೆಯಿತು. ಆಮೇಲೆ ಪಕ್ಕದ್ದು. ಆಮೇಲೆ ಸಾಲಿಗೆ ಸಾಲು.

ಬೊಮ್ಮಿ ಹೊಲದ ಅಂಚಿನಲ್ಲಿ ಕುಸಿದು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಹತ್ತಿರ ನಿಂತವರಿಗೂ ತಿಳಿಯಲಿಲ್ಲ. ಜವರ ತಾನು ತಂದ ಕಂಬಳಿಯನ್ನು ಅವಳಿಗೇ ಹೊದಿಸಿದ. ಅದು ಹಾಲಜ್ಜಿಯ ಕಂಬಳಿ. ಮಸಣಯ್ಯ ಪಕ್ಕದಲ್ಲಿ ಕೂತು, "ಸೊಪ್ಪಿನ ಸಾರಿಗೆ ನಮ್ಮನೇಲಿ ಉಪ್ಪದೆ," ಎಂದ.

ಆ ವರ್ಷ ಯಾರೂ ಉಪವಾಸ ಇರಲಿಲ್ಲ. ಕಾಯಿ ಒಣಗಿದಾಗ ಬುರುಡೆಯನ್ನು ಮತ್ತೆ ತುಂಬಿದರು. ಊರಿನ ಹುಡುಗ ಹುಡುಗಿಯರೆಲ್ಲ ಬೊಮ್ಮಿಯನ್ನು ಕೇಳಿ ಕೇಳಿ ಮೊಣಕೈ ಊರುವುದನ್ನು ಕಲಿತರು. ಎಷ್ಟು ಸಲ ಕೇಳಿದರೂ ಅವಳು ಬೇಸರಿಸದೆ ತೋರಿಸಿದಳು.

ಅಲಸಂದೆಯೂ ಕಲಿತದ್ದನ್ನು ಮರೆಯಲಿಲ್ಲ. ಅದಕ್ಕೇ ಇಂದಿಗೂ ನೀನು ಒಂದು ಕಾಳನ್ನು ಮಣ್ಣಿಗೆ ಹಾಕಿ ಕಾದರೆ, ತಲೆಗಿಂತ ಮೊದಲು ಅದರ ಬಾಗಿದ ಪುಟ್ಟ ಮೊಣಕೈ ಹೊರಗೆ ಬರುತ್ತದೆ, ಆಗ ಅದನ್ನು ಬೆರಳಿನಿಂದ ನೆಟ್ಟಗೆ ಮಾಡಲು ಹೋಗಬೇಡ ಮಗು, ಲೋಕ ಬೆಚ್ಚಗಿದೆಯೇ ಎಂದು ಅದು ನೋಡುತ್ತಿರುತ್ತದೆ.